ಮೊಳೆಗೆ ತೂಗುಬಿಟ್ಟ ರೊಟ್ಟಿ

ಮೂರು ದಿನದಿಂದ ಶರಾಫತಳ ತಂದೂರು ತಣ್ಣಗೆ ಕೂತಿತ್ತು. ಚುಸ್ತ್ ಊರಿನ ಆ ಓಣಿಯಲ್ಲಿ ಹಿಂದೆ ಹೀಗಾದದ್ದು ಎರಡೇ ಸಲ. ಅವಳ ಗಂಡ ತೀರಿಕೊಂಡಾಗ ಒಮ್ಮೆ, ತಂದೂರು ಬಿರುಕುಬಿಟ್ಟು ಹೊಸದು ಕೂರಿಸಿದಾಗ ಇನ್ನೊಮ್ಮೆ. ಹಾಗಾಗಿ ಮೊದಲ ದಿನ ಬೆಳಿಗ್ಗೆ ರೊಟ್ಟಿಗೆ ಬಂದವರು ಗೇಟಿನಾಚೆಯೇ ನಿಂತು, ಒಳಗೆ ಯಾರಾದರೂ ಅಳುತ್ತಿದ್ದಾರೆಯೇ ಎಂದು ಕಿವಿಗೊಟ್ಟರು. ಕೇಳಿಸಿದ್ದು ಪೊರಕೆಯ ಸದ್ದು.

"ಏನ್ ಶರಾಫತಕ್ಕ, ಎಲ್ಲಾ ಕ್ಷೇಮಾನಾ?"

"ಕ್ಷೇಮಕ್ಕೇನು ಕಮ್ಮಿ. ಇವತ್ತು ರೊಟ್ಟಿ ಇಲ್ಲ, ನಾಳೆನೂ ಇಲ್ಲ, ಭಾನುವಾರ ಕಳಿಯೋವರೆಗೂ ಇಲ್ಲ. ಅಲ್ಲೇ ನಿಂತ್ಕೊಳಿ, ಒಳಗೆ ಬರಬೇಡಿ. ನಿಮ್ ಚೀಲದ ತುಂಬಾ ರೊಟ್ಟಿಪುಡಿ ಇರುತ್ತೆ."

ರೊಟ್ಟಿ ಮಾರುವವಳೇ ರೊಟ್ಟಿಪುಡಿಗೆ ಹೆದರಿದರೆ ಓಣಿಯವರು ಬಾಯಿಮುಚ್ಚಿಕೊಂಡು ಇರುತ್ತಾರೆಯೇ? ಮಧ್ಯಾಹ್ನದ ಹೊತ್ತಿಗೆ ಶರಾಫತಳಿಗೆ ಬಿಸಿಲು ನೆತ್ತಿಗೇರಿದೆ ಎಂಬ ಸುದ್ದಿ ಕಾಲುವೆಯ ಆಚೆದಡದವರೆಗೂ ಹೋಗಿ, ಅಲ್ಲಿಂದ ಇನ್ನಷ್ಟು ಉಪ್ಪುಖಾರ ಹಚ್ಚಿಸಿಕೊಂಡು ವಾಪಸು ಬಂತು. ಜುಲೈ ತಿಂಗಳ ಬಿಸಿಲು ಹಾಗೆಯೇ ಇತ್ತು, ಯಾರಿಗೆ ಬೇಕಾದರೂ ಏರಬಹುದಿತ್ತು. ಆದರೆ ಶರಾಫತಳ ತಲೆ ನೆಟ್ಟಗೇ ಇತ್ತು. ಭಾನುವಾರ ಅವಳ ಸೊಸೆ ನಾಲ್ಕು ತಿಂಗಳ ಮೇಲೆ ಈ ಮನೆಗೆ ಬರುವವಳಿದ್ದಳು. ಜೊತೆಗೆ ಬೀಗರು. ದ್ರಾಕ್ಷಿ ಚಪ್ಪರದ ಕೆಳಗೆ ಕೆಂಡದ ಮೇಲೆ ಕಬಾಬ್ ಸುಟ್ಟು ಅವರಿಗೆ ಊಟ ಹಾಕಬೇಕು, ಆ ಊಟಕ್ಕೆ ಗೋಧಿಯ ಒಂದು ಕಣವೂ ಸೋಕಬಾರದು. ಮೂವತ್ತೆಂಟು ವರ್ಷ ಗೋಧಿಹಿಟ್ಟಿನಲ್ಲೇ ಮಿಂದ ಅಂಗಳವದು. ಆ ಕೆಲಸಕ್ಕೆ ಮೂರು ದಿನವೂ ಸಾಲದು ಎಂದು ಅವಳಿಗೆ ಗೊತ್ತಿತ್ತು.

ಸೊಸೆ ಜುಮ್ರದ್ ಈ ಮನೆಗೆ ಬಂದು ಮೂರು ವರ್ಷ. ಬಂದಾಗ ಕೆನ್ನೆ ತುಂಬಿದ ನಗುಮುಖದ ಹುಡುಗಿ. ವರ್ಷ ತುಂಬುವುದರೊಳಗೆ ತೊಟ್ಟ ಬಟ್ಟೆ ಮೈಮೇಲೆ ಜೋತಾಡುವಷ್ಟು ಇಳಿದುಹೋದಳು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ಹೊಟ್ಟೆ ಉಬ್ಬರಿಸಿಕೊಳ್ಳುತ್ತಿತ್ತು, ಬಾಚಿದರೆ ಕೂದಲು ಗೊಂಚಲು ಗೊಂಚಲಾಗಿ ಬರುತ್ತಿತ್ತು. ನಿಂತ ಒಂದು ಬಸಿರೂ ಮೂರನೇ ತಿಂಗಳಿಗೆ ಇಳಿದುಹೋಯಿತು. ಓಣಿಯವರು ದೃಷ್ಟಿ ಎಂದರು, ಗಾಳಿ ಎಂದರು, ಇನ್ನು ಕೆಲವರು ಸೋಮಾರಿತನ ಎಂದೂ ಅಂದರು. ಶರಾಫತ್ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ತನಗೆ ಗೊತ್ತಿದ್ದ ಒಂದೇ ಮದ್ದನ್ನು ಮಾಡಿದಳು. ಬೆಳಗಿನ ಮೊದಲ ರೊಟ್ಟಿಯನ್ನು ತಂದೂರಿನಿಂದ ತೆಗೆದು, ಮುರಿದು, ಮೇಲೆ ಕೆನೆ ಸವರಿ ಸೊಸೆಯ ಕೈಗಿಟ್ಟಳು. "ತಿನ್ನು ಕಂದ, ತಿಂದ್ರೆ ತಾನೇ ಮೈ ಹಿಡಿಯೋದು." ಜುಮ್ರದ್ ಒಂದು ದಿನವೂ ಒಲ್ಲೆ ಎನ್ನಲಿಲ್ಲ. ಅತ್ತೆ ಕೈಯಾರೆ ಕೊಟ್ಟದ್ದನ್ನು ಸೊಸೆ ಒಲ್ಲೆ ಎನ್ನುವುದು ಆ ಸೀಮೆಯಲ್ಲಿ ಇಲ್ಲ.

ಕೊನೆಗೆ ಮಾರ್ಚಿನಲ್ಲಿ, ಜರ್ದಾಳು ಮರಗಳು ಹೂಬಿಟ್ಟ ವಾರ, ಮಗ ಎಲ್ಯೋರ್ ಅವಳನ್ನು ತಾಷ್ಕೆಂಟಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೊರಟ. ಹೊರಡುವಾಗ ಶರಾಫತ್ ಮರೆಯದೆ ಇಡೀ ರೊಟ್ಟಿಯೊಂದನ್ನು ಸೊಸೆಯ ಬಾಯಿಗೆ ಹಿಡಿದಳು. ದೂರ ಹೊರಟವರು ಒಂದು ತುತ್ತು ಕಚ್ಚಿ ಉಳಿದದ್ದನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಅದನ್ನು ಗೋಡೆಯ ಮೊಳೆಗೆ ತೂಗುಬಿಡುತ್ತಾರೆ. ಅವರ ಪಾಲಿನ ಅನ್ನ ಈ ಮನೆಯಲ್ಲಿ ಇನ್ನೂ ಬಾಕಿ ಇದೆ, ತಿಂದು ಮುಗಿಸಲು ಬಂದೇ ಬರುತ್ತಾರೆ ಎಂದು ಲೆಕ್ಕ. ಜುಮ್ರದ್ ಕಚ್ಚಿದಳು. ಅವಳ ಹಲ್ಲಿನ ಗುರುತು ಅಂಚಿನಲ್ಲಿ ಸಣ್ಣ ಅರ್ಧಚಂದ್ರದ ಹಾಗೆ ಮೂಡಿತು. ಶರಾಫತ್ ಅದಕ್ಕೆ ಕೆಂಪು ದಾರ ಪೋಣಿಸಿ ಬಾಗಿಲೆದುರಿನ ಮೊಳೆಗೆ ತೂಗುಹಾಕಿದಳು.

ಹತ್ತು ದಿನದ ಮೇಲೆ ಎಲ್ಯೋರನ ಫೋನು ಬಂತು. ಸೊಸೆಗೆ ಗೋಧಿಯೇ ಆಗುವುದಿಲ್ಲವಂತೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದಂತೆ, ಅದು ಹೊಟ್ಟೆಗೆ ಹೋದರೆ ಅವಳ ಕರುಳೇ ಸವೆದುಹೋಗುತ್ತದಂತೆ. ಇನ್ನು ಜೀವವಿರುವವರೆಗೂ ಒಂದು ಚೂರು ರೊಟ್ಟಿಯೂ ಕೂಡದು, ಹಿಟ್ಟು ಬಿದ್ದ ಪಾತ್ರೆಯೂ ಕೂಡದು. ಶರಾಫತಳಿಗೆ ಆ ಹೆಸರು ಹೊಸದು, ಆದರೆ ಆ ಅಂಟು ಹೊಸದಲ್ಲ. ಬೆಳಗಿನ ಮೂರು ಗಂಟೆಗೆ ಎದ್ದು ನಾದುವಾಗ ಕೈಯಡಿಯಲ್ಲಿ ಹಿಗ್ಗುವುದು ಅದೇ, ಎಳೆದರೆ ಹರಿಯದೆ ಬರುವುದು ಅದೇ. ನಿನ್ನ ಹಿಟ್ಟು ರೇಷ್ಮೆ ಇದ್ದ ಹಾಗಿದೆ ಎಂದು ಊರು ಹೊಗಳಿದ್ದೂ ಅದನ್ನೇ. ಫೋನಿಟ್ಟು ಅವಳು ಹಿಟ್ಟಿನ ದೋಣಿಯ ಮುಂದೆ ಕುಸಿದು ಕೂತಳು. ಮೂರು ವರ್ಷ ಕೈಯಾರೆ ಮುರಿದು ಕೊಟ್ಟೆನಲ್ಲ, ಕೆನೆ ಬೇರೆ ಸವರಿದೆನಲ್ಲ ಎಂದು ಅತ್ತಳು. ಅತ್ತು ಮುಗಿಸಿ, ಆ ವೈದ್ಯರು ಯಾರೋ ಏನೋ, ಹುಡುಗಿ ಬದುಕಿದಳಲ್ಲ, ಅವರ ಮನೆ ತಣ್ಣಗಿರಲಿ ಎಂದು ಎರಡೂ ಅಂಗೈಯನ್ನು ಮುಖಕ್ಕೆ ಸವರಿಕೊಂಡಳು.

ಜುಮ್ರದ್ ಆಸ್ಪತ್ರೆಯಿಂದ ನೇರ ಕಸನ್ಸಾಯಿನ ತವರಿಗೆ ಹೋದಳು. ಸ್ವಲ್ಪ ಚೇತರಿಸಿಕೊಳ್ಳಲಿ ಎಂದರು. ಸ್ವಲ್ಪ ಎನ್ನುವುದು ಒಂದು ತಿಂಗಳಾಯಿತು, ಎರಡಾಯಿತು, ನಾಲ್ಕಾಯಿತು. ಎಲ್ಯೋರ್ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಪ್ರತಿ ಶನಿವಾರ ಅಲ್ಲಿಗೆ ಹೋಗಿ ಸೋಮವಾರ ಬರುತ್ತಿದ್ದ. ಅವಳು ಮೈತುಂಬಿಕೊಂಡಿದ್ದಾಳೆ, ಹಾಡು ಗುನುಗುತ್ತಾಳೆ ಎಂದು ಹೇಳುತ್ತಿದ್ದ. ಯಾವಾಗ ಬರುತ್ತಾಳೆ ಎಂದರೆ ಮಾತ್ರ ಚಹಾದ ಬಟ್ಟಲೊಳಗೆ ಮುಖ ಇಡುತ್ತಿದ್ದ. ಕಳೆದ ವಾರ ಬಾಯಿಬಿಟ್ಟ.

"ಅವಳಿಗೆ ನಿನ್ ಮೇಲೆ ಸಿಟ್ಟಿಲ್ಲಮ್ಮ. ಈ ಮನೆ ಅಂದ್ರೆ ಭಯ. ಅಲ್ಲಿ ಗಾಳೀಲೂ ಹಿಟ್ಟಿದೆ ಅಂತಾಳೆ."

"ಸರಿಯಾಗೇ ಹೇಳ್ತಾಳೆ."

"ಭಾನುವಾರ ಅವರಪ್ಪ ಅಮ್ಮ ಮಾತಾಡೋಕೆ ಬರ್ತಾರೆ. ಕಸನ್ಸಾಯಲ್ಲೇ ನಮಗೊಂದು ಮನೆ ನೋಡೋ ಯೋಚನೆ. ನಿನ್ನ ತಂದೂರು ನಿಲ್ಸು ಅಂತ ಯಾರು ಕೇಳೋಕಾಗುತ್ತೆ? ಊರಿನ ಅರ್ಧಕ್ಕರ್ಧ ನಿನ್ನ ರೊಟ್ಟಿ ತಿನ್ನುತ್ತೆ."

ಶರಾಫತ್ ಖಾಲಿ ಬಟ್ಟಲುಗಳನ್ನು ಎತ್ತಿಟ್ಟಳು. ಮಗ ಬೇರೆ ಊರಿಗೆ ಹೋದರೆ ನೋಡಿಬರಬಹುದು, ಅದು ದೊಡ್ಡ ದೂರವೂ ಅಲ್ಲ. ಆದರೆ ಆ ಹುಡುಗಿ ತನ್ನ ಮನೆಯನ್ನು ಹೆದರಿ ಬಿಟ್ಟುಹೋದಳು ಎಂಬುದು ಉಳಿದುಹೋಗುತ್ತದೆ. ಅದನ್ನು ಇಟ್ಟುಕೊಂಡು ಬದುಕುವುದು ತನ್ನಿಂದಾಗದು.

"ಮಾತಾಡೋಕೆ ಬಂದೋರನ್ನ ಬರಿಬಾಯಲ್ಲಿ ಕೂರಿಸೋಕಾಗುತ್ತಾ? ಕಬಾಬ್ ಮಾಡೋಣ. ಗೋಧಿ ಸೋಕದಂಗೆ."

"ರೊಟ್ಟಿ ಇಲ್ದೆ ಬೀಗರಿಗೆ ಊಟಾನಾ? ನೀನಾ?"

"ನಾನೇ."

ಅಂದಮೇಲೆ ಕೆಲಸಕ್ಕೆ ನಿಂತಳು. ಹಿಟ್ಟಿನ ಮೂಟೆ, ದೋಣಿ, ಜರಡಿ, ರೊಟ್ಟಿಯ ನಡುವೆ ಚುಚ್ಚುವ ಅಚ್ಚುಗಳು, ಎಲ್ಲವನ್ನೂ ಗೋಡೆಯಾಚೆಯ ಮಸ್ತೂರಾಳ ಮನೆಗೆ ಸಾಗಿಸಿದಳು. ಮಸ್ತೂರಾ ಅವಳ ಓರಗೆಯವಳು, ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು.

"ಏನೇ ಇದು, ಮೂಟೆ ಮೇಲೆ ಮೂಟೆ ಬರ್ತಾ ಇದೆ. ನಿನ್ನನ್ನೂ ಕಟ್ಕೊಂಡ್ ಬಂದುಬಿಡು, ಒಟ್ಟಿಗೆ ಇರೋಣ," ಎಂದಳು ಮಸ್ತೂರಾ.

"ನಿನ್ ಗೊರಕೆಗೆ ನಿನ್ ಗಂಡನೇ ಓಡಿಹೋಗಿ ಅಂಗಳದಲ್ಲಿ ಮಲಗ್ತಾನೆ. ನನಗ್ಯಾಕೆ ಆ ಕರ್ಮ."

ತಂದೂರಿನ ಬಾಯಿಗೆ ಒದ್ದೆ ಗೋಣಿ ಮುಚ್ಚಿ ಮೇಲೆ ಮಣ್ಣು ಮೆತ್ತಿದಳು. ಗೋಡೆಗಳಿಗೆ ಸುಣ್ಣ ಬಳಿದಳು. ಚಪ್ಪರದ ದ್ರಾಕ್ಷಿ ಎಲೆಗಳ ಮೇಲೆ ಹಿಟ್ಟಿನ ತೆಳು ಪದರ ಕೂತಿತ್ತು, ಎಲ್ಯೋರ್ ಪೈಪು ಹಿಡಿದು ಅದನ್ನೂ ತೊಳೆದ. ಜೀರಿಗೆ, ಕೊತ್ತಂಬರಿಬೀಜ ಮನೆಯಲ್ಲೇ ಕುಟ್ಟಿದಳು, ಅಂಗಡಿಯ ಪುಡಿಯಲ್ಲಿ ಏನು ಬೆರೆಸಿರುತ್ತಾರೋ ಯಾರು ಕಂಡರು. ಮಾಂಸ ನೆನೆಹಾಕಲು ಎಲ್ಯೋರ್ ತಂದ ಬಿಯರ್ ಬಾಟಲಿಯ ಚೀಟಿ ಓದಿಸಿ, ಬಾರ್ಲಿ ಎಂಬ ಪದ ಕೇಳಿದ್ದೇ, ಅದರಲ್ಲೂ ಅದೇ ಅಂಟಿದೆಯೆಂದು ಬಾಟಲಿಯನ್ನು ಮಸ್ತೂರಾಳ ಗಂಡನಿಗೆ ಕೊಟ್ಟು ಕಳಿಸಿದಳು. ಆತ ಮಾತ್ರ ಆ ಕಾಯಿಲೆಗೆ ಅಂದಿನಿಂದ ಬಹಳ ಗೌರವ ಕೊಟ್ಟ.

ಕಷ್ಟವಾದದ್ದು ಮೊಳೆಗೆ ತೂಗುತ್ತಿದ್ದ ರೊಟ್ಟಿ. ಮನೆಯಲ್ಲಿ ಉಳಿದ ಗೋಧಿ ಅದೊಂದೇ. ಅದನ್ನು ಹಾಗೇ ಬಿಡುವಂತಿಲ್ಲ, ಬಾಗಿಲು ತೆರೆದರೆ ಹುಡುಗಿಯ ಕಣ್ಣೆದುರಿಗೇ ಬೀಳುತ್ತದೆ, ಗಾಳಿಗೆ ಪುಡಿ ಉದುರುತ್ತದೆ. ಬಂದು ತಿಂದು ಮುಗಿಸಬೇಕಾದವಳು ತಿಂದರೆ ಮತ್ತೆ ಆಸ್ಪತ್ರೆ. ಹಾಗೆಂದು ಹೊರಗೆಸೆಯಲು ಅದೇನು ಕಸವೇ? ಕೆಳಗೆ ಬಿದ್ದ ರೊಟ್ಟಿಯ ಚೂರನ್ನು ಎತ್ತಿ ಹಣೆಗೆ ಮುಟ್ಟಿಸಿಕೊಳ್ಳುವ ಜನ. ಹಸುವಿಗೆ ಹಾಕಿದರೆ ಸೊಸೆಯ ಋಣ ಹಸುವಿನ ಹೊಟ್ಟೆಗೆ ಹೋದಂತೆ.

ಶನಿವಾರ ಮಧ್ಯಾಹ್ನ ಶರಾಫತ್ ರೊಟ್ಟಿಯನ್ನು ಇಳಿಸಿದಳು. ಒಂದು ಪಾತ್ರೆ ಹಸಿರು ಚಹಾ ಹಿಡಿದುಕೊಂಡು, ಪುಡಿ ಮನೆಯೊಳಗೆ ಬೀಳದಿರಲೆಂದು ಗೇಟಿನಾಚೆ ಓಣಿಯ ಕಲ್ಲಿನ ಮೇಲೆ ಕೂತಳು. ನಾಲ್ಕು ತಿಂಗಳ ರೊಟ್ಟಿ ಹಂಚಿನ ಚೂರಾಗಿತ್ತು. ಮುರಿದು, ಚಹಾದಲ್ಲಿ ನೆನೆಸಿ, ಒಂದೊಂದೇ ತುಂಡು ತಿಂದಳು. ಹೋಗಿಬರುವವರು ನೋಡಿ ನಕ್ಕರು. ಬಿಸಿಲು ನೆತ್ತಿಗೇರಿದ್ದು ನಿಜವೇ ಇರಬೇಕು ಎಂದುಕೊಂಡರು. ಹಲ್ಲಿನ ಗುರುತಿದ್ದ ಅಂಚನ್ನು ಅವಳು ಕೊನೆಗೆ ಉಳಿಸಿಕೊಂಡಿದ್ದಳು. ಹುಡುಗಿಯ ಪಾಲಿನ ಕೆಡುಕೇನಾದರೂ ಇದರಲ್ಲಿದ್ದರೆ ನನಗೆ ಬರಲಿ ಎಂದು ಅದನ್ನೂ ನುಂಗಿದಳು. ಆಮೇಲೆ ಕಾಲುವೆಗೆ ಹೋಗಿ ಕೈ, ಬಾಯಿ, ತಲೆ ಎಲ್ಲ ತೊಳೆದುಕೊಂಡು ಬಂದಳು.

ಆ ಸಂಜೆ ಇನ್ನೊಂದು ಕೆಲಸವಿತ್ತು. ಮಸ್ತೂರಾಳ ಅಟ್ಟದಲ್ಲಿ ಅವಳ ಅತ್ತೆಯ ಕಾಲದ ಬೀಸುಕಲ್ಲೊಂದಿತ್ತು. ಅದರಲ್ಲಿ ಮೆಕ್ಕೆಜೋಳವಲ್ಲದೆ ಬೇರೇನನ್ನೂ ಬೀಸಿದವರಿಲ್ಲ. ಯುದ್ಧದ ವರ್ಷಗಳಲ್ಲಿ ಓಣಿಯೆಲ್ಲ ಮೆಕ್ಕೆಜೋಳದ ರೊಟ್ಟಿ ತಿಂದೇ ಬದುಕಿದ್ದು. ಕಾಲ ಬದಲಾದದ್ದೇ ಅದನ್ನು ಮರೆತುಬಿಟ್ಟಿತ್ತು. ಶರಾಫತ್ ಬೀಸಿದಳು, ಬಿಸಿನೀರು ಹಾಕಿ ಕಲೆಸಿದಳು, ಹೊಸ ಕಬ್ಬಿಣದ ಬಾಣಲೆಯಲ್ಲಿ ಸುಟ್ಟಳು. ಮೊದಲನೆಯದು ಒಡೆಯಿತು. ಎರಡನೆಯದು ಪುಡಿಯಾಯಿತು. ಮೂರನೆಯದು ಬಾಣಲೆ ಬಿಟ್ಟು ಬರಲೇ ಇಲ್ಲ. ಎಳೆದರೆ ಬರುವ ಅಂಟೇ ಇಲ್ಲದ ಹಿಟ್ಟಿನ ಮುಂದೆ, ಮೂವತ್ತೆಂಟು ವರ್ಷದ ಕೈ ಮೊದಲ ದಿನದ ಕೈಯಾಯಿತು. ಬೇಯಿಸಿದ ಸಿಹಿಗುಂಬಳ ಮಸೆದು ಬೆರೆಸಿದ ಮೇಲೆ ಅಂಗೈಯಗಲದ ಐದು ರೊಟ್ಟಿ ನೆಟ್ಟಗೆ ನಿಂತವು. ಅವನ್ನು ನೋಡಿ ಅವಳಿಗೇ ನಾಚಿಕೆಯಾಯಿತು. ಬಡತನದ ರೊಟ್ಟಿಯನ್ನು ಬೀಗರ ಮುಂದೆ ಇಡುವುದು ಹೇಗೆ? ಬಟ್ಟೆ ಮುಚ್ಚಿ ಕಪಾಟಿನೊಳಗೆ ಇಟ್ಟುಬಿಟ್ಟಳು.

ಭಾನುವಾರ ಹನ್ನೊಂದಕ್ಕೆ ಬೀಗರು ಬಂದರು. ಬೀಗ ಅಶುರ್ ದೊಡ್ಡ ಹೊಟ್ಟೆಯ, ದೊಡ್ಡ ನಗೆಯ ಮನುಷ್ಯ. ಎರಡು ಕಲ್ಲಂಗಡಿ ಎರಡು ಕಂಕುಳಲ್ಲಿ. ಬೀಗಿತ್ತಿ ಹಫೀಜಾ ತೆಳ್ಳಗೆ, ಚುರುಕು ಕಣ್ಣು. ಅವರ ಹಿಂದೆ ಜುಮ್ರದ್. ಶರಾಫತಳಿಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಕೆನ್ನೆ ತುಂಬಿತ್ತು, ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು, ಸ್ಕಾರ್ಫಿನ ಕೆಳಗೆ ಜಡೆ ಇಳಿದಿತ್ತು. ಮದುವೆಯ ದಿನದ ಹುಡುಗಿ ಮತ್ತೆ ಬಂದು ನಿಂತ ಹಾಗಿತ್ತು. ಅಪ್ಪಿಕೊಂಡಾಗ ಬೆನ್ನಿನ ಮೂಳೆ ಕೈಗೆ ಸಿಗಲಿಲ್ಲ. ಅಷ್ಟು ಸಂತೋಷವನ್ನು ಶರಾಫತ್ ಮಗ ಹುಟ್ಟಿದ ದಿನದ ಮೇಲೆ ಕಂಡಿರಲಿಲ್ಲ.

"ಹೂವಿನಂಗೆ ಆಗಿದಾಳಲ್ವಾ ಬೀಗಿತ್ತಿ," ಎಂದಳು ಹಫೀಜಾ. "ನಮ್ಮನೆ ನೀರು ಒಗ್ಗಿದೆ."

ಮಾತಿನ ಮುಳ್ಳು ಶರಾಫತಳಿಗೆ ತಾಗಿತು. ತಾಗಿದ್ದು ನ್ಯಾಯವೇ ಎಂದುಕೊಂಡಳು. "ನೀವು ಸಾಕಿದ್ದಕ್ಕೆ ಉಳಿದ್ಲು. ನಿಮ್ಮ ಋಣ ನಾನು ತೀರಿಸೋಕಾಗಲ್ಲ," ಎಂದಳು. ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಹಫೀಜಾ ಸ್ಕಾರ್ಫಿನ ಗಂಟು ಸರಿಮಾಡಿಕೊಂಡಳು.

ಅಷ್ಟರಲ್ಲಿ ಜುಮ್ರದ್ ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆಯೆತ್ತಿದಳು. ಎದುರಿನ ಗೋಡೆಯಲ್ಲಿ ಮೊಳೆ ಖಾಲಿಯಿತ್ತು. ಹೊಸ ಸುಣ್ಣದ ಮೇಲೆ ಆ ಒಂದು ಕಪ್ಪು ಮೊಳೆ ಎದ್ದು ಕಾಣುತ್ತಿತ್ತು. ಹುಡುಗಿ ಅದನ್ನೇ ನೋಡಿದಳು, ಅತ್ತೆಯ ಮುಖ ನೋಡಿದಳು. ಮುಖದ ನಗು ಇಳಿಯಿತು. ಬರುತ್ತಾಳೆಂದು ಕಾಯುವವರ ಮನೆಯಲ್ಲಿ ಯಾರೂ ಆ ರೊಟ್ಟಿಯನ್ನು ಇಳಿಸುವುದಿಲ್ಲ. ಶರಾಫತ್ ಕಾರಣ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಶುರ್ ಕಲ್ಲಂಗಡಿ ಎಲ್ಲಿಡಲಿ ಎಂದು ಕೂಗಿದ, ಎಲ್ಯೋರ್ ಕೆಂಡಕ್ಕೆ ಕರೆದ, ಅವಳು ಅತ್ತ ನಡೆದಳು.

ಕೆಂಡದ ಮುಂದೆ ನಿಲ್ಲುವುದು ಆ ಸೀಮೆಯಲ್ಲಿ ಗಂಡಸರ ಕೆಲಸ. ಆದರೆ ಎಲ್ಯೋರ್ ವಿದ್ಯುತ್ ಕಂಬ ಹತ್ತುವುದರಲ್ಲಿ ಜಾಣ, ಮಾಂಸ ಸುಡುವುದರಲ್ಲಿ ಅಲ್ಲ. ಮೊದಲ ಕೊಬ್ಬು ಉರಿ ಹಿಡಿದದ್ದೇ ಶರಾಫತ್ ಅವನ ಕೈಯಿಂದ ಬೀಸಣಿಗೆ ಕಿತ್ತುಕೊಂಡಳು. ಕುರಿಮಾಂಸದ ಒಂದು ತುಂಡು, ಬಾಲದ ಕೊಬ್ಬಿನ ಒಂದು ತುಂಡು, ಹೀಗೆ ಚುಚ್ಚಿದ ಹದಿನಾಲ್ಕು ಕಬ್ಬಿಣದ ಕಡ್ಡಿಗಳು ಜರ್ದಾಳು ಕಟ್ಟಿಗೆಯ ಕೆಂಡದ ಮೇಲೆ ಚುಯ್‌ಗುಟ್ಟಿದವು. ಪಕ್ಕದಲ್ಲೇ ಜುಮ್ರದ್ ಟೊಮೇಟೊ, ಈರುಳ್ಳಿ ತೆಳ್ಳಗೆ ಹೆಚ್ಚುತ್ತಿದ್ದಳು. ಚಪ್ಪರದಡಿ ಊಟಕ್ಕೆ ಕೂರುವ ದೊಡ್ಡ ಮಂಚದ ಮೇಲೆ ದಿಂಬಿಗೊರಗಿ ಕೂತ ಅಶುರ್ ಮೂಗರಳಿಸಿ, "ಬೀಗಿತ್ತಿ, ಈ ವಾಸನೆಗೇ ಅರ್ಧ ಹೊಟ್ಟೆ ತುಂಬ್ತು. ಇನ್ನರ್ಧ ಬೇಗ ತುಂಬ್ಸಿ," ಎಂದ.

ಕಡ್ಡಿಗಳ ಹಿಡಿಗಳು ಕಾದವು. ತಿರುಗಿಸಬೇಕು. ಶರಾಫತಳ ಬಲಗೈ ತಾನೇ ತಾನಾಗಿ ತಂದೂರಿನ ಹಿಂದಿನ ಗೂಡಿಗೆ ಹೋಯಿತು, ಅಲ್ಲಿದ್ದುದನ್ನು ತೊಟ್ಟುಕೊಂಡಿತು, ಕಡ್ಡಿಗಳನ್ನು ಒಂದೊಂದಾಗಿ ತಿರುಗಿಸಿತು. ಅವಳು ನೋಡಲೂ ಇಲ್ಲ. ಬೆಂದವನ್ನು ತಟ್ಟೆಗೆ ಜೋಡಿಸಿ ಮಂಚದ ನಡುವಿಗೆ ತಂದಿಟ್ಟಳು. ಅಶುರ್ ಅಭ್ಯಾಸಬಲದಿಂದ ರೊಟ್ಟಿಗೆ ಕೈಚಾಚಿ ಗಾಳಿಯನ್ನು ಹಿಡಿದ.

"ಅಲ್ಲ, ರೊಟ್ಟಿ ಚೂರು ಇಲ್ದೆ ಕಡ್ಡಿಯಿಂದ ಮಾಂಸ ಎಳ್ಕೊಳೋದು ಹೇಗ್ರಿ? ಕೈ ಸುಡಲ್ವಾ?"

"ದ್ರಾಕ್ಷಿ ಎಲೆ ಹಿಡ್ಕೊಳಿ ಬೀಗರೇ, ತೊಳ್ದಿಟ್ಟಿದೀನಿ. ಮೊದಲು ನಮ್ಮ ಹುಡುಗಿಗೆ," ಎಂದು ಶರಾಫತ್ ಅತ್ಯಂತ ಚೆನ್ನಾಗಿ ಬೆಂದ ಕಡ್ಡಿಯನ್ನು ಆರಿಸಿ ಸೊಸೆಯ ಮುಂದೆ ಹಿಡಿದಳು.

ಜುಮ್ರದ್ ತೆಗೆದುಕೊಳ್ಳಲಿಲ್ಲ.

"ಹಸಿವಿಲ್ಲ ಅತ್ತೆ. ಆಮೇಲೆ ತಿಂತೀನಿ."

"ಹನ್ನೆರಡೂವರೆ ಆಯ್ತು. ಬೆಳಿಗ್ಗೆ ಏನು ತಿಂದಿದ್ದೀಯೋ. ಒಂದು ತುಂಡು ತಗೋ ಕಂದ. ತಿಂದ್ರೆ ತಾನೇ..." ಎಂದು ಹೇಳುತ್ತಿದ್ದವಳು ತಟ್ಟನೆ ನಿಂತಳು. ಅದೇ ಮಾತು. ಮೂರು ವರ್ಷ ಬೆಳಗಾದರೆ ಆಡಿದ್ದು ಅದೇ ಮಾತು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು, ತುಟಿ ಬಿಗಿದಿತ್ತು. ಹಫೀಜಾ ಮಗಳನ್ನೂ ಬೀಗಿತ್ತಿಯನ್ನೂ ನೋಡಿ ನೆಟ್ಟಗೆ ಕೂತಳು. ಅಶುರನ ಬಾಯಿಗೆ ಹೊರಟಿದ್ದ ತುಂಡು ದಾರಿಯಲ್ಲೇ ನಿಂತಿತು.

ಜುಮ್ರದ್ ಒಂದು ಸಲ ಕಣ್ಣು ಮುಚ್ಚಿ ತೆಗೆದಳು.

"ಅತ್ತೆ, ನಿಮ್ ಕೈ ನೋಡ್ಕೊಳಿ."

ಶರಾಫತ್ ನೋಡಿಕೊಂಡಳು. ಬಲತೋಳಿನ ಮೇಲೆ, ಮೊಣಕೈವರೆಗೂ, ಹತ್ತಿ ತುಂಬಿ ಹೊಲಿದ ಗವಸು. ತಂದೂರಿನ ಗೋಡೆಗೆ ರೊಟ್ಟಿ ಬಡಿಯುವಾಗ ತೊಡುವ ಗವಸು. ವರ್ಷಗಟ್ಟಲೆ ಹಿಟ್ಟು ಕುಡಿದು ಅದು ಬಟ್ಟೆಯೋ ಹಿಟ್ಟೋ ಹೇಳಲಾಗದಂತಿತ್ತು. ಅವಳು ಗಾಬರಿಯಲ್ಲಿ ಕೈ ಕೊಡವಿದ್ದೇ ಹೊಲಿಗೆಯ ಸಂದಿನಿಂದ ಬಿಳಿ ಪುಡಿ ಬಿಸಿಲಲ್ಲಿ ಮಿನುಗುತ್ತ ತಟ್ಟೆಯ ಮೇಲೆ ಇಳಿಯಿತು. ಇಡೀ ಮನೆಯನ್ನೇ ತೊಳೆದವಳು ಇದನ್ನು ಬಿಟ್ಟಿದ್ದಳು. ಕಣ್ಣಿಗೆ ಬಿದ್ದಿರಲಿಲ್ಲ ಎಂದಲ್ಲ, ಅದನ್ನು ತನ್ನ ತೋಳೆಂದೇ ತಿಳಿದಿದ್ದಳು.

ಮಂಚದ ಮೇಲಿದ್ದವರು ಅವಳು ಅಳುತ್ತಾಳೆಂದುಕೊಂಡರು, ಇಲ್ಲವೇ ಸೊಸೆಯ ಬಾಯಿಗೆ ಸಿಟ್ಟಾಗುತ್ತಾಳೆಂದುಕೊಂಡರು. ಬೀಗರ ಎದುರಿಗೆ ಅತ್ತೆಯ ತಪ್ಪು ಎತ್ತಿ ತೋರಿಸುವುದು ಸಣ್ಣ ಮಾತಲ್ಲ. ಶರಾಫತ್ ಗವಸು ಕಳಚಿದಳು. ಸೊಸೆಯನ್ನು ಮುಟ್ಟಲು ಹೋದವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಹೇಳ್ದೆಯಲ್ಲ ಮಗಳೇ, ಬದುಕ್ದೆ ನಾನು," ಎಂದಳು. "ಮೂರು ವರ್ಷ ಕೊಟ್ಟಿದ್ದನ್ನೆಲ್ಲ ಸುಮ್ನೆ ತಿಂದೆ. ಇವತ್ತೂ ಹಂಗೇ ತಿಂದುಬಿಟ್ಟಿದ್ರೆ ನನ್ನ ಗತಿ ಏನಾಗ್ತಿತ್ತು? ಇನ್ನು ಮೇಲೆ ಹಿಂಗೇ ಹೇಳ್ಬೇಕು. ಗದರಿಸಿಯಾದ್ರೂ ಹೇಳು."

ಆಮೇಲೆ ಗೋಡೆಯ ಹತ್ತಿರ ಹೋಗಿ ಕೂಗಿದಳು. "ಮಸ್ತೂರಾ, ಎಲ್ಲಿದೀಯೇ? ಹದಿಮೂರು ಕಡ್ಡಿ ಕಬಾಬ್ ಕೊಡ್ತೀನಿ, ಹಿಡ್ಕೋ."

"ಹದಿಮೂರಾ? ಏನಾಯ್ತೇ, ಬೀಗರು ಮುನಿಸ್ಕೊಂಡು ಎದ್ದುಹೋದ್ರಾ?"

"ಯಾರೂ ಹೋಗಿಲ್ಲ. ಈ ಗವಸನ್ನೂ ತಗೋ. ನಾಳೆಯಿಂದ ನಿನ್ ಅಂಗಳದಲ್ಲೇ ರೊಟ್ಟಿ ಸುಡ್ತೀನಿ ಅಂದಿದ್ನಲ್ಲ, ಅಲ್ಲೇ ಇರ್ಲಿ ಇದು."

ಕಡ್ಡಿಗಳಿಂದ ಬಿಡಿಸಿದ ಮಾಂಸವೂ ಗವಸೂ ಗೋಡೆ ದಾಟಿ ಹೋದವು. ಹಫೀಜಾ ಎದ್ದುನಿಂತಳು.

"ಏನಂದ್ರಿ ಬೀಗಿತ್ತಿ? ತಂದೂರು ಇಲ್ಲಿಂದ ಎತ್ತಿಸ್ತೀರಾ?"

"ಮಾತಾಡಿ ಆಗಿದೆ. ಹಿಟ್ಟು ಆಗಲೇ ಅಲ್ಲಿಗೆ ಹೋಗಿದೆ. ಬೆಳಿಗ್ಗೆ ಅವಳ ತಂದೂರಲ್ಲಿ ಸುಟ್ಟು, ಅಲ್ಲೇ ಮಿಂದು, ಬಟ್ಟೆ ಬದಲಾಯ್ಸಿ ಮನೆಗೆ ಬರ್ತೀನಿ. ಇದನ್ನ ಊಟ ಆದ್ಮೇಲೆ ಹೇಳೋಣ ಅಂತಿದ್ದೆ. ಊಟಾನೇ ಹಾಳ್ಮಾಡ್ಕೊಂಡೆ."

ಹಫೀಜಾ ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡು, "ಕಡ್ಡಿ ಕೊಡಿ ಇಲ್ಲಿ, ತಿಕ್ಕೋಣ," ಎಂದಳು. ಇಬ್ಬರೂ ಕಾಲುವೆಯ ಮೆಟ್ಟಿಲಲ್ಲಿ ಕೂತು ಬೂದಿ, ಮರಳು ಹಾಕಿ ಹದಿನಾಲ್ಕು ಕಡ್ಡಿಗಳನ್ನೂ ಮೂರು ಮೂರು ಸಲ ತಿಕ್ಕಿದರು. ಬೀಗಿತ್ತಿಯರು ಜೊತೆಯಾಗಿ ಪಾತ್ರೆ ತೊಳೆದದ್ದನ್ನು ಆ ಓಣಿ ಮೊದಲ ಸಲ ನೋಡಿತು. ನೆನೆಹಾಕಿದ ಮಾಂಸ ಒಳಮನೆಯಲ್ಲಿ ಇನ್ನೂ ಅರ್ಧ ಪಾತ್ರೆ ಮುಟ್ಟದೆ ಇತ್ತು. ಹಳೆಯ ಬೂದಿ ಚೆಲ್ಲಿ, ಒಲೆ ತೊಳೆದು, ಹೊಸ ಕೆಂಡ ಮಾಡಬೇಕಾಯಿತು. ಅಷ್ಟು ಹೊತ್ತು ಅಶುರ್ ಮಂಚದ ಮೇಲೆ ಕಲ್ಲಂಗಡಿ ತಿನ್ನುತ್ತ, ಗೋಡೆಯಾಚೆ ತನ್ನ ಪಾಲಿನ ಕಬಾಬನ್ನು ಬೇರೆಯವರು ಚೀಪುವ ಸದ್ದು ಕೇಳುತ್ತ ಕೂತಿದ್ದ.

"ಅಲ್ಲಿ ಯಾರೋ ಬೆರಳು ನೆಕ್ತಿದಾರೆ," ಎಂದ ಅಳಿಯನಿಗೆ. "ನನ್ ಕಿವಿಗೆ ಸ್ಪಷ್ಟವಾಗಿ ಕೇಳಿಸ್ತಿದೆ."

ಈ ಸಲ ಕಡ್ಡಿಗಳನ್ನು ತಿರುಗಿಸಿದ್ದು ಜುಮ್ರದ್. ತನ್ನ ಚೀಲದಿಂದ ಹೊಸ ಕರವಸ್ತ್ರ ತೆಗೆದು ಕೈಗೆ ಸುತ್ತಿಕೊಂಡು ಅತ್ತೆಯ ಪಕ್ಕದಲ್ಲೇ ನಿಂತಳು. ಶರಾಫತ್ ದೂರದಿಂದ ಬೀಸಣಿಗೆ ಬೀಸಿದಳು, ಕಡ್ಡಿಯನ್ನು ಮುಟ್ಟಲಿಲ್ಲ. ಮೊದಲ ಕಡ್ಡಿಯನ್ನು ಜುಮ್ರದ್ ನಿಂತಲ್ಲೇ ತಿಂದಳು. ಎರಡನೆಯದನ್ನು ಕೇಳಿ ತೆಗೆದುಕೊಂಡಳು. ಕೊಬ್ಬು ಗಲ್ಲಕ್ಕೆ ಇಳಿಯಿತು, ಒರೆಸಿಕೊಂಡು ನಕ್ಕಳು. ಸೊಸೆ ಉಣ್ಣುವುದನ್ನು ಹೆದರಿಕೆಯಿಲ್ಲದೆ ನೋಡುವುದು ಎಷ್ಟು ಸುಖ ಎಂದು ಶರಾಫತಳಿಗೆ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತಿಳಿಯಿತು.

ಮೂರನೆಯ ಕಡ್ಡಿ ಮುಗಿಸಿದ ಅಶುರ್ ಮತ್ತೆ ನಿಟ್ಟುಸಿರಿಟ್ಟ. "ಎಲ್ಲಾ ಇದೆ. ತಪ್ಪು ತಿಳ್ಕೋಬೇಡಿ ಬೀಗಿತ್ತಿ, ರೊಟ್ಟಿ ಮುರಿಯದೆ ಎದ್ರೆ ಊಟ ಆಯ್ತು ಅಂತ ಹೊಟ್ಟೆ ಒಪ್ಪಲ್ಲ."

ಶರಾಫತ್ ಸಂಕೋಚಪಡುತ್ತಲೇ ಕಪಾಟಿನಿಂದ ಬಟ್ಟೆಯ ಗಂಟು ತಂದಳು. "ನಗಬೇಡಿ. ಮೆಕ್ಕೆಜೋಳದ್ದು. ನಮ್ಮಜ್ಜಿಯರು ಮಾಡ್ತಿದ್ದಿದ್ದು."

ಅಶುರ್ ನಗಲಿ ಎಲ್ಲಿ? ಹಳದಿ ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಸಿ, ಹಣೆಗೆ ಮುಟ್ಟಿಸಿಕೊಂಡ. "ನಮ್ಮಮ್ಮ ಇದನ್ನೇ ತಿನ್ಸಿ ಏಳು ಮಕ್ಕಳನ್ನ ಸಾಕಿದ್ದು," ಎಂದ. ಮುರಿದು ಎಲ್ಲರಿಗೂ ಹಂಚಿದ. ಮೊದಲ ಚೂರು ಮಗಳಿಗೆ ಕೊಟ್ಟ. ಮಾರ್ಚಿನಿಂದೀಚೆಗೆ ಹುಡುಗಿ ಎಲ್ಲರ ಜೊತೆ ಒಂದೇ ರೊಟ್ಟಿಯ ಚೂರು ತಿಂದದ್ದು ಅದೇ ಮೊದಲು. ನಾಲ್ಕು ರೊಟ್ಟಿ ಖರ್ಚಾದವು. ಊಟ ಮುಗಿದು ಎಲ್ಲರೂ ಅಂಗೈ ಚಾಚಿ, ಕೊಟ್ಟವನನ್ನು ನೆನೆದು, ಮುಖಕ್ಕೆ ಸವರಿಕೊಂಡರು. ಶರಾಫತಳ ಕೈ ಮಾತ್ರ ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ಬಿಸಿಲು ಇಳಿದಾಗ ಬೀಗರು ಹೊರಟರು. ಮನೆ ನೋಡುವ ಮಾತು ಯಾರೂ ಎತ್ತಲಿಲ್ಲ, ಇರುತ್ತೇನೆಂದು ಜುಮ್ರದ್ ಕೂಡ ಹೇಳಲಿಲ್ಲ. ಬಟ್ಟೆಬರೆ, ಔಷಧಿ ಎಲ್ಲ ಕಸನ್ಸಾಯಲ್ಲಿತ್ತು. ಶರಾಫತ್ ಕೇಳಲಿಲ್ಲ. ಹುಡುಗಿ ಒಲ್ಲೆ ಎನ್ನಲು ಇವತ್ತು ತಾನೇ ಕಲಿತಿದ್ದಾಳೆ, ಅವಳನ್ನು ಬಲವಂತ ಮಾಡಬಾರದು ಎಂದುಕೊಂಡಳು.

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡ ಜುಮ್ರದ್ ಮತ್ತೆ ಆ ಮೊಳೆಯನ್ನು ನೋಡಿದಳು.

"ಅತ್ತೆ, ನಾನು ಕಚ್ಚಿಟ್ಟು ಹೋದ ರೊಟ್ಟಿ ಏನ್ಮಾಡಿದ್ರಿ?"

"ನಾನೇ ತಿಂದೆ."

"ನೀವಾ?"

"ಎಸೆಯೋ ಹಂಗಿಲ್ಲ, ನೀನು ತಿನ್ನೋ ಹಂಗಿಲ್ಲ. ಇನ್ನೇನು ಮಾಡ್ಲಿ? ಓಣಿ ಕಲ್ಮೇಲೆ ಕೂತು ಚಹಾದಲ್ಲಿ ನೆನೆಸಿ ತಿಂದೆ. ಇದೊಂದು ದವಡೆ ಹಲ್ಲು ಇನ್ನೂ ನೋಯ್ತಿದೆ. ನೀನು ಬರೋದು ಬೇಡ ಅಂತ ಇಳ್ಸಿದ್ದಲ್ಲ ಮಗಳೇ, ಬಂದ್ರೆ ನಿನಗೆ ತೊಂದ್ರೆ ಆಗಬಾರ್ದು ಅಂತ."

ಜುಮ್ರದ್ ಮೆಟ್ಟಿದ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದಳು. ಉಳಿದಿದ್ದ ಐದನೆಯ ಮೆಕ್ಕೆಜೋಳದ ರೊಟ್ಟಿಯನ್ನು ತಂದಳು. ಅತ್ತೆಯ ಎದುರಿಗೆ ನಿಂತು, ಅಂಚನ್ನು ಕಚ್ಚಿದಳು. ಕಚ್ಚಿದ ರೊಟ್ಟಿಯನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಗೇಟಿನ ಹತ್ತಿರ ಹಫೀಜಾ ನಿಂತು ನೋಡುತ್ತಿದ್ದಳು, ಬೇಡವೆನ್ನಲಿಲ್ಲ.

"ಇದು ಗೋಧಿಯದರಂಗೆ ನಾಲ್ಕು ತಿಂಗಳು ಇರಲ್ಲ ಅತ್ತೆ," ಎಂದಳು ಜುಮ್ರದ್. ಬಾಯಿತುಂಬ ರೊಟ್ಟಿಯಿತ್ತು. "ಪುಡಿಯಾಗಿಬಿಡುತ್ತೆ. ಶುಕ್ರವಾರದೊಳಗೆ ಬಂದುಬಿಡ್ತೀನಿ."

ಅವರ ಬಂಡಿ ಓಣಿಯ ತಿರುವು ದಾಟಿದ ಮೇಲೆ ಶರಾಫತ್ ಒಳಗೆ ಬಂದಳು. ದಾರ ಪೋಣಿಸಿದರೆ ಒಡೆಯುವ ರೊಟ್ಟಿ. ತನ್ನ ಒಳ್ಳೆಯ ಬಿಳಿ ಸ್ಕಾರ್ಫನ್ನು ಪೆಟ್ಟಿಗೆಯಿಂದ ತೆಗೆದು, ಹಲ್ಲಿನ ಗುರುತು ಮೇಲಕ್ಕೆ ಬರುವಂತೆ ಅದರಲ್ಲಿ ಕಟ್ಟಿ, ಮೊಳೆಗೆ ತೂಗುಬಿಟ್ಟಳು. ಆಮೇಲೆ ಬೆರಳಿಗಂಟಿದ ಹಳದಿ ಪುಡಿಯನ್ನು ತೊಳೆಯದೆ ನೆಕ್ಕಿಕೊಂಡಳು.